ಅಂಗಳಗಳ ನಡುವಣ ದೂರ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಪ್ರೌಢಶಾಲಾ ಮಕ್ಕಳ ಆನ್‌ಲೈನ್ ವಿಜ್ಞಾನ ಕಾರ್ಯಾಗಾರದ ಸ್ವರೂಪ

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕದ ಶಾಲೆಗಳು ಮುಚ್ಚಿದವು. ಮುಂದೂಡಿದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ನಡೆಯಿತು. ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧ ಪಾಠಗಳು ಬಂದವು. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಶುರುವಾಗಿ ಶಿಕ್ಷಕರೇ ದೇವಸ್ಥಾನದ ಅಂಗಳಗಳಿಗೆ, ಮರದ ಕಟ್ಟೆಗಳಿಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. 2021ರ ಜನವರಿ 1ರಂದು ಶಾಲೆಗೆ ಮರಳಿದ ಹತ್ತನೆಯ ತರಗತಿ ಎರಡನೆಯ ಅಲೆಗೆ ಮತ್ತೆ ಮನೆ ಸೇರಿತು. ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳು ಮತ್ತೆ ತೆರೆದದ್ದು ಆ ವರ್ಷದ ಆಗಸ್ಟ್ 23ರಂದು.

ಈ ಹದಿನೇಳು ತಿಂಗಳಲ್ಲಿ ಉಳಿದ ವಿಷಯಗಳಿಗಿಂತ ವಿಜ್ಞಾನಕ್ಕೆ ಬಿದ್ದ ಪೆಟ್ಟು ಬೇರೆ ಬಗೆಯದು. ಪದ್ಯವನ್ನು ಫೋನಿನಲ್ಲಿ ಕೇಳಿಯೂ ಕಲಿಯಬಹುದು. ಮಸೂರದ ನಾಭಿದೂರವನ್ನು ಕೈಯಲ್ಲಿ ಮಸೂರ ಹಿಡಿಯದೆ ಕಂಡುಕೊಳ್ಳಲಾಗದು. ಆ ಹೊತ್ತಿಗೆ ನಡೆದ ಬಹುಪಾಲು ಆನ್‌ಲೈನ್ ಪಾಠ ಶಾಲೆಯ ಕರಿಹಲಗೆಯನ್ನು ಪರದೆಗೆ ಸಾಗಿಸಿತು, ಪ್ರಯೋಗಾಲಯದ ಮೇಜನ್ನು ಅಲ್ಲೇ ಬಿಟ್ಟಿತು. ಶಿರಸಿ ಶೈಕ್ಷಣಿಕ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ಎದುರಿಟ್ಟುಕೊಂಡು, ಮನೆಯಲ್ಲಿ ಕಲಿಯುವ ಪ್ರೌಢಶಾಲಾ ಮಕ್ಕಳ ಆನ್‌ಲೈನ್ ವಿಜ್ಞಾನ ಕಾರ್ಯಾಗಾರ ಹೇಗಿರಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಮಕ್ಕಳು ಬೇರೆ ಬೇರೆ ಕಡೆ ಚದುರಿ ಕುಳಿತಿರುವುದನ್ನು ಇಂಥ ಕಾರ್ಯಾಗಾರದ ಕೊರತೆ ಎಂದು ಎಣಿಸುವುದೇ ವಾಡಿಕೆ. ವಿಜ್ಞಾನದ ಕೆಲವು ಮುಖ್ಯ ಪ್ರಶ್ನೆಗಳಿಗೆ ಆ ಚದುರುವಿಕೆಯೇ ಉಪಕರಣವಾಗಬಲ್ಲದು ಎಂಬುದು ನನ್ನ ವಾದ.

ಮೊದಲು ನೆಲದ ಸಂಗತಿ. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಬೀದಿಯಲ್ಲ. ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮೇಲೆ ಸೊಪ್ಪಿನ ಬೆಟ್ಟ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಕಾಡು. ನೀರಿಗಾಗಿ ಕಣಿವೆ ಹುಡುಕಿದ ನೆಲೆಗಳಿಗೆ ಮೊಬೈಲ್ ಸಿಗ್ನಲ್ ಇಳಿಯುವುದಿಲ್ಲ. 2020ರ ಮಳೆಗಾಲದಲ್ಲಿ ಈ ಭಾಗದ ವಿದ್ಯಾರ್ಥಿಗಳು ಗುಡ್ಡ ಹತ್ತಿ, ತಾಡಪಾಲು ಕಟ್ಟಿಕೊಂಡು, ಕೊಡೆ ಹಿಡಿದು ಪಾಠ ಕೇಳಿದ್ದನ್ನು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿದವು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಇಳಿದು ಇರುವ ಸಿಗ್ನಲ್ಲೂ ಸಾಯುತ್ತದೆ. ಶಿರಸಿ, ಯಲ್ಲಾಪುರ ಪೇಟೆಗಳ ಹಾಸ್ಟೆಲ್‌ಗಳಲ್ಲೋ ನೆಂಟರ ಮನೆಗಳಲ್ಲೋ ಇದ್ದು ಓದುತ್ತಿದ್ದ ಮಕ್ಕಳು, ಶಾಲೆ ಮುಚ್ಚಿದೊಡನೆ ಸಿಗ್ನಲ್ ಇದ್ದ ಜಾಗದಿಂದ ಇಲ್ಲದ ಜಾಗಕ್ಕೆ ಹೋದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಫೋನಿನ ಲೆಕ್ಕವೂ ಮೇಲುನೋಟಕ್ಕೆ ಕಂಡಷ್ಟು ಸರಳವಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದವು ಶೇ. 4.4, ಇಂಟರ್ನೆಟ್ ಸೌಲಭ್ಯ ಇದ್ದವು ಶೇ. 14.9. ಶಿಕ್ಷಣದ ಸ್ಥಿತಿ ಕುರಿತ ವಾರ್ಷಿಕ ಸಮೀಕ್ಷೆಯಾದ ಅಸರ್‌ನ 2020ರ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು ಶೇ. 61.8, ಎರಡು ವರ್ಷ ಹಿಂದೆ ಅದು ಶೇ. 36.5 ಇತ್ತು. ಏರಿಕೆ ದೊಡ್ಡದೇ. ಆದರೆ ಮನೆಯಲ್ಲಿರುವ ಫೋನ್ ಮಗುವಿನದಲ್ಲ. ಕೂಲಿಗೆ ಹೋಗುವ ಅಪ್ಪನ ಜೇಬಿನಲ್ಲಿ ಅದು ಬೆಳಿಗ್ಗೆ ಹೊರಟು ಸಂಜೆ ಮರಳುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟ ನೇರ ಪಾಠ ಅಂಥ ಮಗುವಿಗೆ ಇಲ್ಲವೇ ಇಲ್ಲ.

ಹಾಗಾಗಿ ಡೇಟಾ ಎಷ್ಟು ಖರ್ಚಾಗುತ್ತದೆ ಎಂಬುದಕ್ಕಿಂತ ಸಂಪರ್ಕ ಎಷ್ಟು ಹೊತ್ತು ಕಡಿಯದೆ ಇರಬೇಕು ಎಂಬುದು ಇಲ್ಲಿ ನಿರ್ಣಾಯಕ. ಸೆಕೆಂಡಿಗೆ 500 ಕಿಲೋಬಿಟ್ ಎಂದು ಹಿಡಿದರೆ ಒಂದು ಗಂಟೆಯ ನೇರ ವೀಡಿಯೊ ಪಾಠಕ್ಕೆ 225 ಮೆಗಾಬೈಟ್ ಬೇಕು, ಅದೂ ಇಡೀ ಗಂಟೆ ಸಿಗ್ನಲ್ ನಿಲ್ಲಬೇಕು. ಸೆಕೆಂಡಿಗೆ 16 ಕಿಲೋಬಿಟ್‌ನಲ್ಲಿ ಹತ್ತು ನಿಮಿಷದ ಧ್ವನಿಸಂದೇಶಕ್ಕೆ ಸಾಕಾಗುವುದು 1.2 ಮೆಗಾಬೈಟ್. ಅದು ಕಾಯಬಲ್ಲದು: ಅಪ್ಪ ಪೇಟೆಗೆ ಹೋದಾಗ ಫೋನಿಗೆ ಬಂದು ಕೂರುತ್ತದೆ, ಸಂಜೆ ಮಗು ಕೇಳುತ್ತದೆ, ನೋಟ್‌ಬುಕ್ಕಿನ ಪುಟದ ಚಿತ್ರ ಮರುದಿನ ಹೊರಡುತ್ತದೆ. ಇಂಥ ಸಾವಕಾಶದ ವಿನಿಮಯವನ್ನು ಕೈಲಾಗದವರ ಬದಲಿ ವ್ಯವಸ್ಥೆ ಎಂದು ಕಾಣುವುದು ತಪ್ಪು. ಅಳತೆ, ದಾಖಲೆ, ಹೋಲಿಕೆ ಇವೆಲ್ಲ ದಿನಗಟ್ಟಲೆ ನಡೆಯುವ ಕೆಲಸಗಳು. ಅವುಗಳ ಲಯ ಇದೇ.

ಈಗ ವಾದದ ತಿರುಳಿಗೆ ಬರುತ್ತೇನೆ. ಸಿದ್ದಾಪುರ ಸುಮಾರು 14.34, ಶಿರಸಿ 14.62, ಯಲ್ಲಾಪುರ 14.96 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಕರ್ಕಾಟಕ ಮತ್ತು ಮಕರ ವೃತ್ತಗಳ ನಡುವಿನ ಯಾವುದೇ ಊರಿನಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲು ಸೂರ್ಯ ನೆತ್ತಿಯ ನೇರಕ್ಕೆ ಬಂದು, ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯನ ಕ್ರಾಂತಿ (ಸೂರ್ಯ ನೆತ್ತಿಗೆ ಬರುವ ಅಕ್ಷಾಂಶ) ದಿನಕ್ಕೆ ಸುಮಾರು 0.3 ಡಿಗ್ರಿಯಂತೆ ಉತ್ತರಕ್ಕೆ ಸರಿಯುತ್ತದೆ. ಈ ಮೂರು ಊರುಗಳ ನಡುವಿನ ಅಕ್ಷಾಂಶದ ಅಂತರವೂ ಹೆಚ್ಚು ಕಡಿಮೆ ಅಷ್ಟೇ. ಹೀಗಾಗಿ ಶೂನ್ಯ ನೆರಳು ಏಪ್ರಿಲ್ 29ರ ಸುಮಾರಿಗೆ ಸಿದ್ದಾಪುರದಲ್ಲಿ, ಮರುದಿನ ಶಿರಸಿಯಲ್ಲಿ, ಮೇ 1ರ ಹೊತ್ತಿಗೆ ಯಲ್ಲಾಪುರದಲ್ಲಿ ಬೀಳುತ್ತದೆ. ಸೂರ್ಯ ದಿನಕ್ಕೊಂದು ತಾಲ್ಲೂಕು ದಾಟುತ್ತಾನೆ! ಇದು ಒಂದು ಶಾಲೆಯ ಅಂಗಳದಲ್ಲಿ ಕಾಣುವ ಸಂಗತಿಯಲ್ಲ. ಮೂರು ತಾಲ್ಲೂಕುಗಳ ಮಕ್ಕಳು ತಮ್ಮ ತಮ್ಮ ಮನೆಯಲ್ಲಿದ್ದು ಒಂದೇ ಲೆಕ್ಕಕ್ಕೆ ಕೈ ಹಾಕಿದಾಗ ಮಾತ್ರ ಕಾಣುವಂಥದ್ದು. ಅದು ಬೇಸಿಗೆ ರಜೆಯ ಕಾಲವೂ ಹೌದು. ಎರಡನೆಯ ಸರದಿ ಬರುವುದು ಆಗಸ್ಟ್ ನಡುವಿನಲ್ಲಿ, ಮೋಡ ಕವಿದ ದಿನಗಳಲ್ಲಿ. ಅದನ್ನು ನಂಬಿ ಕೂರುವಂತಿಲ್ಲ.

ಇದೇ ಅಳತೆ ಭೂಮಿಯ ಸುತ್ತಳತೆಗೆ ಒಯ್ಯುತ್ತದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್ ಸಯೀನ್ ಮತ್ತು ಅಲೆಕ್ಸಾಂಡ್ರಿಯಾಗಳ ನೆರಳನ್ನು ಹೋಲಿಸಿ ಮಾಡಿದ ಲೆಕ್ಕವನ್ನು ಸಿದ್ದಾಪುರ ಮತ್ತು ಯಲ್ಲಾಪುರಗಳ ನಡುವೆ ಮಾಡಬಹುದೇ? ಅಲ್ಲಿ ಕೋನದ ವ್ಯತ್ಯಾಸ ಏಳು ಡಿಗ್ರಿಗೂ ಹೆಚ್ಚಿತ್ತು, ಇಲ್ಲಿ 0.62 ಡಿಗ್ರಿ. ಒಂದು ಮೀಟರ್ ಕೋಲಿಗೆ ಎರಡೂ ಕಡೆಯ ನಡುಹಗಲಿನ ನೆರಳಿನ ವ್ಯತ್ಯಾಸ ಬರೇ 11 ಮಿಲಿಮೀಟರ್. ಸೂರ್ಯಬಿಂಬವೇ ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ ಕೋಲಿನ ತುದಿಯ ನೆರಳಿನ ಅಂಚು ಸುಮಾರು 9 ಮಿಲಿಮೀಟರ್‌ವರೆಗೆ ಅರೆನೆರಳಾಗಿ ಮಸುಕುತ್ತದೆ. ಅಳೆಯಬೇಕಾದದ್ದೂ ಅಳತೆಯ ಮಸುಕೂ ಹೆಚ್ಚು ಕಡಿಮೆ ಸಮ. ಕೋಲು ನೆಟ್ಟು ಗೆರೆ ಎಳೆಯಿರಿ ಎಂದಷ್ಟೇ ಹೇಳುವ ಕಾರ್ಯಾಗಾರ ಇಲ್ಲಿ ಸೋಲುತ್ತದೆ. ಮಕ್ಕಳ ಉತ್ತರಗಳು ಚೆಲ್ಲಾಪಿಲ್ಲಿಯಾಗುತ್ತವೆ, ತಾವು ದಡ್ಡರು ಎಂದು ಅವರು ಅಂದುಕೊಳ್ಳುತ್ತಾರೆ.

ಪರಿಹಾರ ಮನೆಯಲ್ಲೇ ಇದೆ. ರಟ್ಟಿನಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದು ಎರಡು ಮೀಟರ್ ಎತ್ತರದಲ್ಲಿ ಮಟ್ಟವಾಗಿ ಕಟ್ಟಬೇಕು. ತೂತಿನ ನಡುವಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಬೇಕು. ನೆಲದ ಮೇಲೆ ಬೀಳುವ ದುಂಡನೆಯ ಬೆಳಕು ಸೂರ್ಯನ ಬಿಂಬವೇ. ಅದರ ನಡುವನ್ನು ಒಂದೆರಡು ಮಿಲಿಮೀಟರ್ ತಪ್ಪಿನೊಳಗೆ ಗುರುತಿಸಬಹುದು. ಎರಡು ಮೀಟರಿಗೆ ಎರಡೂ ಊರುಗಳ ವ್ಯತ್ಯಾಸ 22 ಮಿಲಿಮೀಟರಿಗೆ ಏರುತ್ತದೆ. ಹೆಂಚಿನ ಮನೆಯವರಿಗೆ ಇದು ಹೊಸತಲ್ಲ: ಸಂದಿಯಿಂದ ತೂರಿ ನೆಲಕ್ಕೆ ಬೀಳುವ ದುಂಡು ಬೆಳಕುಗಳನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ. ಸಂದಿ ಯಾವ ಆಕಾರದ್ದಾದರೂ ಬೆಳಕು ಏಕೆ ದುಂಡಗೆ ಎಂಬ ಪ್ರಶ್ನೆಯೊಂದೇ ಒಂದು ವಾರದ ಪಾಠಕ್ಕೆ ಸಾಕು. ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಭಾರತೀಯ ಕಾಲಮಾನದ ರೇಖಾಂಶ 82.5 ಡಿಗ್ರಿ, ನಮ್ಮದು 75ಕ್ಕಿಂತ ತುಸು ಕಡಿಮೆ. ಹಾಗಾಗಿ ಆ ದಿನಗಳಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12 ಗಂಟೆ 28 ನಿಮಿಷಕ್ಕೆ.

ಇನ್ನೊಂದು ತೊಡಕು ದೂರದ್ದು. ಲೆಕ್ಕಕ್ಕೆ ಬೇಕಾದದ್ದು ಉತ್ತರ–ದಕ್ಷಿಣ ಅಂತರ, ಸುಮಾರು 69 ಕಿ.ಮೀ. ಶಿರಸಿಯ ಮೇಲೆ ಹಾದುಹೋಗುವ ರಸ್ತೆಯ ಅಂತರ 80 ಕಿ.ಮೀ.ಗೂ ಹೆಚ್ಚು, ಅದನ್ನೇ ಹಾಕಿದರೆ ಭೂಮಿ ಆರು ಸಾವಿರ ಕಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಫೋನಿನ ಜಿಪಿಎಸ್ ತೋರುವ ಅಕ್ಷಾಂಶದಿಂದ ದೂರ ಲೆಕ್ಕ ಹಾಕಿದರೆ ಭೂಮಿಯ ಅಳತೆಯನ್ನು ಮೊದಲೇ ಒಪ್ಪಿಕೊಂಡಂತಾಯಿತು. ಸರ್ವೆ ಆಫ್ ಇಂಡಿಯಾ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡುವುದೇ ಪ್ರಾಮಾಣಿಕ ದಾರಿ. ಹತ್ತಾರು ಮನೆಗಳ ಅಳತೆಯ ಸರಾಸರಿ ಒಂದೇ ಮನೆಯ ಅಳತೆಗಿಂತ ಏಕೆ ನಂಬಲರ್ಹ ಎಂಬುದು ಸಂಖ್ಯಾಶಾಸ್ತ್ರದ ಅಧ್ಯಾಯ. ಇಲ್ಲಿ ಅದು ತನ್ನ ಅಳತೆಗೂ ಗೆಳತಿಯ ಅಳತೆಗೂ ಇರುವ ವ್ಯತ್ಯಾಸವಾಗಿ ಎದುರಾಗುತ್ತದೆ.

ಮಳೆಯ ಅಳತೆಯೂ ಇದೇ ಜಾತಿಯದು, ಅದಕ್ಕೆ ಬೇಕಾದ ಸಲಕರಣೆ ಇನ್ನೂ ಕಡಿಮೆ. ಬಾಯಿಯೂ ತಳವೂ ಒಂದೇ ಅಗಲವಿರುವ ಪಾತ್ರೆ, ಒಂದು ಅಳತೆಪಟ್ಟಿ. ಹವಾಮಾನ ಇಲಾಖೆಯಂತೆ ದಿನವೂ ಬೆಳಿಗ್ಗೆ 8.30ಕ್ಕೆ ಓದುವ ಶಿಸ್ತು. ಮರದಿಂದ ಅದರ ಎತ್ತರದ ಎರಡು ಪಟ್ಟು ದೂರ ಇಡಬೇಕೆಂಬ ನಿಯಮ ಮಾತ್ರ ತೋಟದ ಮನೆಯವರಿಗೆ ಕಷ್ಟ. ಶಿರಸಿ ತಾಲ್ಲೂಕಿನ ಪಡುವಣ ಅಂಚಿನ ದೇವಿಮನೆ ಘಟ್ಟದ ಮಳೆಗೂ ಮೂಡಣದ ಬನವಾಸಿಯ ಮಳೆಗೂ, ಯಲ್ಲಾಪುರದ ಅರಬೈಲಿಗೂ ಕಿರವತ್ತಿಗೂ ಇರುವ ಅಂತರ ದೊಡ್ಡವರಿಗೆಲ್ಲ ಗೊತ್ತು. ಪಡುವಣ ಗಾಳಿ ಘಟ್ಟ ಏರಿ ತೇವ ಸುರಿದು ಮೂಡಣಕ್ಕೆ ಹಗುರಾಗಿ ಸಾಗುವ ಈ ಕ್ರಿಯೆಯನ್ನು ಮಕ್ಕಳು ತಮ್ಮದೇ ಅಂಕಿಗಳಲ್ಲಿ ಕಾಣಬಹುದು. 2021ರ ಜುಲೈ 22ರಂದು ಎಸ್ಸೆಸ್ಸೆಲ್ಸಿಯ ಎರಡನೆಯ ಪತ್ರಿಕೆ ಇತ್ತು. ಅದೇ ವಾರದ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ದಿನದ ಮಳೆಯ ಅಂಕಿ ಈ ಮಕ್ಕಳಿಗೆ ಬದುಕಿನ ಅಂಕಿ.

ರಸಾಯನಶಾಸ್ತ್ರಕ್ಕೆ ಬೇರೆ ಸಾಮಗ್ರಿ ಬೇಕಿಲ್ಲ. ಮುಂಗಾರಿಗೆ ಮುನ್ನ ಅಡಿಕೆಗೆ ಮದ್ದು ಹೊಡೆಯಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ ಕೂಡಿಸುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ ಬಳಕೆಗೆ ತಂದ ಮದ್ದು ಇದು. ಹದ ನೋಡಲು ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಹತ್ತನೆಯ ತರಗತಿಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಟ್ಟ ಕಬ್ಬಿಣದ ಮೊಳೆಗೆ ಆಗುವುದೂ ಇದೇ ಸ್ಥಾನಪಲ್ಲಟ ಕ್ರಿಯೆ. ಮೈಲುತುತ್ತ ವಿಷ, ಮಕ್ಕಳು ಅದನ್ನು ಮುಟ್ಟಬಾರದು, ದೊಡ್ಡವರು ಮಾಡುವುದನ್ನು ನೋಡಿ ದಾಖಲಿಸಿದರೆ ಸಾಕು. ಸ್ವಂತ ಕೈಯಲ್ಲಿ ಮಾಡಲು ಮುರುಗಲು ಸಿಪ್ಪೆಯಿದೆ. ಅದರ ಆಂಥೋಸಯನಿನ್ ಬಣ್ಣ ಆಮ್ಲದಲ್ಲಿ ಕೆಂಪು; ಸೋಡಾ ಹಾಕುತ್ತ ಹೋದಂತೆ ಕೆಂಪು ಅಳಿದು ಬಣ್ಣ ಮಾರ್ಪಡುತ್ತದೆ. ಹಣ್ಣೇ ಹುಳಿಯಾದ್ದರಿಂದ ಎಷ್ಟು ಸೋಡಾಕ್ಕೆ ಬಣ್ಣ ತಿರುಗಿತು ಎಂಬುದು ಆ ಹುಳಿಯ ಅಳತೆಯೂ ಆಗುತ್ತದೆ.

ಆದರೆ ಎಲ್ಲರ ಮನೆಗೂ ತೋಟವಿಲ್ಲ. ಯಲ್ಲಾಪುರ ತಾಲ್ಲೂಕಿನ ಸಿದ್ದಿ, ಗೌಳಿ, ಕುಣಬಿ ಕುಟುಂಬಗಳ ಮಕ್ಕಳ ಮನೆ, ಮೂರೂ ತಾಲ್ಲೂಕುಗಳ ಕೂಲಿಕಾರರ ಮಕ್ಕಳ ಮನೆ ಬೇರೆ. ಅಡಿಕೆ ಮನೆಯನ್ನೇ ಎಲ್ಲರ ಮನೆ ಎಂದು ಭಾವಿಸಿ ಕಟ್ಟಿದ ಕಾರ್ಯಾಗಾರ ಕಲಿಕೆಯ ಹೆಸರಿನಲ್ಲಿ ಮಾಡುವ ಅನ್ಯಾಯ. ಮಳೆಪಾತ್ರೆಗೂ ಸೂರ್ಯಬಿಂಬಕ್ಕೂ ನಾನು ಇಷ್ಟು ಒತ್ತು ಕೊಡಲು ಅದೂ ಕಾರಣ: ಅವಕ್ಕೆ ಜಮೀನು ಬೇಡ. ಕಾಡಂಚಿನ ಮಗುವಿಗೆ ಪೇಟೆಯ ಮಗುವಿಗಿಲ್ಲದ ಅನುಕೂಲವೂ ಉಂಟು. ಸಿದ್ದಾಪುರ ಸೀಮೆಯ ಕತ್ತಲೆಕಾನಿನ ತೊರೆಗಳಲ್ಲಿ, ಇಟ್ಟ ಮೊಟ್ಟೆಗೆ ಗಂಡು ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಕಪ್ಪೆಗಳ ಕೂಗನ್ನು ಅಗ್ಗದ ಫೋನಿನಲ್ಲೂ ದಾಖಲಿಸಬಹುದು. ಮನೆಗಳ ಅಂತರದಂತೆ ಸಮಯದ ಅಂತರವೂ ಇದೆ: ಮನೆಗೆಲಸ ಹೊತ್ತ ಹೆಣ್ಣುಮಕ್ಕಳಿಗೆ ದಿನಕ್ಕೆ ಐದು ನಿಮಿಷದ ಓದು ಸಾಧ್ಯ, ಎರಡು ಗಂಟೆಯ ಗೋಷ್ಠಿ ಸಾಧ್ಯವಿಲ್ಲ.

ಕೈಗೆ ಸಿಗುವ ವಸ್ತುವಿನಿಂದ ವಿಜ್ಞಾನ ಕಲಿಸುವುದಕ್ಕೆ ದೇಶದಲ್ಲಿ ಪರಂಪರೆಯಿದೆ. ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ 2002ರವರೆಗೆ ನಡೆಯಿತು. ಕನ್ನಡದಲ್ಲಿ 1978ರಿಂದ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹಳ್ಳಿಯ ಮನೆಗಳಿಗೆ ಅಂಚೆಯಲ್ಲಿ ಪ್ರಯೋಗಗಳನ್ನು ಮುಟ್ಟಿಸಿದೆ. ಮಕ್ಕಳು ಆಯ್ದ ಮರವನ್ನು ವಾರವಾರ ನೋಡಿ ಚಿಗುರು, ಹೂವು, ಕಾಯಿ ದಾಖಲಿಸುವ ಸೀಸನ್‌ವಾಚ್ ಯೋಜನೆ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಚದುರಿದ ಮಕ್ಕಳೇ ಒಟ್ಟು ಮಾಹಿತಿಯ ಶಕ್ತಿ.

ಇದನ್ನು ನಡೆಸುವ ಶಿಕ್ಷಕರ ಹೊರೆಯ ಮಾತು ಉಳಿದಿದೆ. ಅಂಕಿಗಳನ್ನು ಒಟ್ಟುಮಾಡುವುದು ಸುಲಭ. ಇವಳ ಪಾತ್ರೆಯಲ್ಲಿ 40, ಪಕ್ಕದ ಮನೆಯವನಲ್ಲಿ 65 ಏಕೆ ಎಂದು ಧ್ವನಿಸಂದೇಶದಲ್ಲಿ ಚರ್ಚೆ ಬೆಳೆಸುವುದೇ ಕಾರ್ಯಾಗಾರದ ಜೀವ, ಅದಕ್ಕೆ ಸಮಯ ಬೇಕು. ಆ ಸಮಯಕ್ಕೆ ಲೆಕ್ಕ ಸಿಗದಿದ್ದರೆ ಉತ್ಸಾಹಿಗಳೂ ಎರಡನೆಯ ತಿಂಗಳಿಗೆ ಕೈಬಿಡುತ್ತಾರೆ. ಎಸ್ಸೆಸ್ಸೆಲ್ಸಿ ವಿಜ್ಞಾನದ ನೂರು ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ದಾಖಲೆ, ಏಪ್ರಿಲ್ 29ರಿಂದ ಮೇ 1ರವರೆಗಿನ ಸೂರ್ಯಬಿಂಬದ ಗುರುತುಗಳು, ಬಿಟ್ಟುಹೋದ ದಿನಗಳನ್ನು ಬಿಟ್ಟುಹೋದವೆಂದೇ ಬರೆದ ನೋಟ್‌ಬುಕ್: ಇವನ್ನು ಆ 20 ಅಂಕಗಳೊಳಗೆ ಒಪ್ಪಿಕೊಳ್ಳುವ ಒಂದು ಸುತ್ತೋಲೆ ಶೈಕ್ಷಣಿಕ ಜಿಲ್ಲೆಯ ಮಟ್ಟದಲ್ಲೇ ಹೊರಡಿಸಬಹುದಾದದ್ದು. ಶಿಕ್ಷಕರು ಹೇಗೂ ತಿದ್ದಲೇಬೇಕಾದ ಪುಟಗಳ ಜಾಗದಲ್ಲಿ ಈ ಪುಟಗಳು ಬರುತ್ತವೆ, ಹೊಸ ಹೊರೆ ಬೀಳುವುದಿಲ್ಲ.