ಬಿಸಿನೀರು, ತಣ್ಣೀರು

ಅಪ್ಪನ ಕ್ಷೌರಕ್ಕೆ ಬಿಸಿನೀರು ತಂದಿಡುವುದು ನನ್ನ ಕೆಲಸ. ಗಡ್ಡ ಚೆನ್ನಾಗಿ ನೆನೆಯಬೇಕು, ಬ್ರಷ್ಷಿನಿಂದ ನೊರೆ ದಟ್ಟವಾಗಬೇಕು, ಕೂದಲು ಬೆಳೆದ ದಿಕ್ಕಿಗೇ ರೇಜರನ್ನು ಒತ್ತದೆ ಎಳೆಯಬೇಕು. ಹಾಗಾದರೆ ಉರಿಯಿಲ್ಲ. ಅಮೆರಿಕದ ಜಿಲೆಟ್ ಆ ಬಗೆಯ ರೇಜರಿಗೆ ಪೇಟೆಂಟ್ ಪಡೆದದ್ದು 1904ರಲ್ಲಿ. ಆಮೇಲೆ ಗಂಡಸರು ಕ್ಷೌರಿಕನಿಗಾಗಿ ಕಾಯಬೇಕಿರಲಿಲ್ಲ.

ಕೆಂಪು ಸೀರೆಯ ನಮ್ಮಜ್ಜಿ ಕಾಯಬೇಕಿತ್ತು. ಹಿತ್ತಲಲ್ಲಿ ತಣ್ಣೀರು ಚಿಮುಕಿಸಿ, ನೊರೆಯಿಲ್ಲದೆ ಕತ್ತಿಯಿಂದ ಬೋಳಿಸುತ್ತಿದ್ದರು. ಅದೆಷ್ಟೋ ಮೊದಲೇ, 1890ರಲ್ಲಿ, ಮುಂಬಯಿಯ ಕ್ಷೌರಿಕರು ಸಭೆ ಸೇರಿ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ತೀರ್ಮಾನಿಸಿದ್ದರು. ಫುಲೆಯವರ ಸತ್ಯಶೋಧಕರ ಪ್ರಭಾವ ಅದು. ನಮ್ಮ ಮನೆಯ ಶಾಸ್ತ್ರಜ್ಞರಿಗೆ ಬಾರದ ಮರುಕ ಕತ್ತಿ ಹಿಡಿದವರಿಗೆ ಬಂದಿತ್ತು ನೋಡಿ!

ಅಜ್ಜಿಗೆ ಈ ಸುದ್ದಿ ಯಾರೂ ಹೇಳಲಿಲ್ಲ. ಕ್ಷೌರದ ದಿನ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ; ಸಂಜೆ ಸೆರಗಿನಡಿ ಕೈಯಿಟ್ಟು ನೆತ್ತಿ ಸವರಿಕೊಳ್ಳುತ್ತಿದ್ದರು.