ಎರಡು ಕುದುರೆಗಳ ಲೆಕ್ಕ

ಚದುರಂಗದಲ್ಲಿ ಕೀರ್ತಿವಂತರೆಂದರೆ ಪಂದ್ಯಗಳನ್ನು ಗೆದ್ದವರೇ ಎಂದು ಜನರು ಸಾಮಾನ್ಯವಾಗಿ ಭಾವಿಸುವರು. ಎದುರಾಳಿಯಿಲ್ಲದೆ, ನಾಲ್ಕಾರು ಕಾಯಿಗಳನ್ನಷ್ಟೇ ಮುಂದಿಟ್ಟುಕೊಂಡು, ಆಟದ ಕೊನೆಯ ಘಟ್ಟದ ನಿಜವನ್ನು ಅರಸಿದವರೂ ಉಂಟು. ಅಂಥವರಲ್ಲಿ ಅಗ್ರಗಣ್ಯನೆನಿಸಿದವನು ರಷ್ಯಾ ದೇಶದ ಅಲೆಕ್ಸೇಯ್ ಟ್ರೊಯಿಟ್ಸ್ಕಿ.

ಈತನು 1866ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದನು. ಆ ಕಾಲದ ಶ್ರೇಷ್ಠ ಆಟಗಾರನಾದ ಚಿಗೋರಿನನು ಈತನಿಗೆ ಪ್ರೋತ್ಸಾಹವಿತ್ತನು. 1895ರಲ್ಲಿ ಈತನ ಮೊದಲ ರಚನೆಗಳು ಅಚ್ಚಾದುವು. ಉದ್ಯೋಗವು ಅರಣ್ಯ ಇಲಾಖೆಯದು. ನಗರದ ಆಟದ ಕೂಟಗಳಿಂದ ದೂರವಾಗಿ ಬಾಳಬೇಕಾದವನಿಗೆ, ಒಬ್ಬನೇ ಕುಳಿತು ಸಾಧಿಸಬಹುದಾದ ಈ ವಿದ್ಯೆಯೇ ಒದಗಿತು. 1924ರಲ್ಲಿ ಬರ್ಲಿನ್ ನಗರದಲ್ಲಿ ಈತನ ಐನೂರು ರಚನೆಗಳ ಸಂಗ್ರಹವು ಪ್ರಕಟವಾಯಿತು.

ಈತನ ಹೆಸರನ್ನು ಉಳಿಸಿದುದು ಎರಡು ಕುದುರೆಗಳ ವಿಚಾರ. ಒಂಟಿ ರಾಜನನ್ನು ರಾಜನೂ ಎರಡು ಕುದುರೆಗಳೂ ಸೇರಿ ಬಲವಂತವಾಗಿ ಕಟ್ಟಿಹಾಕಲಾರವು. ಮೂಲೆಗೆ ಒತ್ತಿದೊಡನೆ ಆ ರಾಜನಿಗೆ ಶಹವೂ ಇಲ್ಲ, ನಡೆಯೂ ಇಲ್ಲ ಎಂಬಂತಾಗಿ ಆಟವು ಸಮವಾಗುವುದು. ಆದರೆ ಸೋಲುವವನ ಬಳಿ ಒಂದು ಕಾಲಾಳು ಉಳಿದಿದ್ದರೆ? ಆಗ ಅವನಿಗೆ ನಡೆಯಿಲ್ಲದಂತಾಗುವುದಿಲ್ಲ. ಆ ಕಾಲಾಳನ್ನು ನಡೆಸಲೇಬೇಕು. ಒಂದು ಕುದುರೆಯು ಕಾಲಾಳನ್ನು ತಡೆದು ನಿಂತಿರುವಾಗ ಇನ್ನೊಂದು ಕುದುರೆಯೂ ರಾಜನೂ ಶತ್ರುರಾಜನನ್ನು ಮೂಲೆಗಟ್ಟುವುವು. ತಡೆದ ಕುದುರೆಯು ತಕ್ಕ ಗಳಿಗೆಯಲ್ಲಿ ಹೊರಟು ಬರುವುದು. ಕಾಲಾಳು ಮುಂದೆ ಸರಿಯುವಷ್ಟರಲ್ಲಿ ಆಟ ಮುಗಿಯುವುದು. ತನ್ನ ರಕ್ಷಣೆಗೆಂದು ಉಳಿಸಿಕೊಂಡ ಕಾಯಿಯೇ ತನಗೆ ಮೃತ್ಯುವಾಗುವುದು!

ಕಾಲಾಳನ್ನು ಎಲ್ಲಿಯವರೆಗೆ ತಡೆದರೆ ರಾಜರು ಎಲ್ಲಿದ್ದರೂ ಗೆಲವು ನಿಶ್ಚಯವೆಂಬುದನ್ನು ಟ್ರೊಯಿಟ್ಸ್ಕಿಯು ಮನೆಮನೆಯಾಗಿ ಗುಣಿಸಿ ಎಲ್ಲೆಯನ್ನು ಗೊತ್ತುಪಡಿಸಿದನು. ಅದಕ್ಕೆ ಇಂದಿಗೂ ಆತನದೇ ಹೆಸರು. ಕೆಲವು ಸ್ಥಿತಿಗಳಲ್ಲಿ ಗೆಲವಿಗೆ ನೂರಕ್ಕೂ ಹೆಚ್ಚು ನಡೆಗಳು ಬೇಕು. ಮುಂದೆ ಗಣಕಯಂತ್ರಗಳು ಸಮಸ್ತ ಸ್ಥಿತಿಗಳನ್ನೂ ಎಣಿಸಿ ನೋಡಿದಾಗ, ಕೈಯಿಂದ ಎಳೆದ ಆ ಗೆರೆಯು ಸರಿಯೆಂದೇ ಕಂಡಿತು.

1941ರಲ್ಲಿ ಜರ್ಮನ್ ಸೇನೆಯು ಲೆನಿನ್‌ಗ್ರಾಡನ್ನು ಮುತ್ತಿತು. ಪೀಟರ್ಸ್‌ಬರ್ಗಿಗೇ ಆಗ ಆ ಹೆಸರು. ಹುಟ್ಟಿದೂರಿನಲ್ಲಿಯೇ ಸಿಕ್ಕಿಬಿದ್ದ ವೃದ್ಧನು 1942ರಲ್ಲಿ ಅನ್ನವಿಲ್ಲದೆ ತೀರಿಕೊಂಡನು. ಆತನ ಬರಹದ ಹಾಳೆಗಳೂ ನಾಶವಾದುವು. ಅವುಗಳಲ್ಲಿದ್ದ ರಚನೆಗಳು ಲೋಕಕ್ಕೆ ದಕ್ಕಲಿಲ್ಲ. ಅಚ್ಚಾಗಿದ್ದ ಪುಸ್ತಕಗಳು ಉಳಿದುವು. ಇಂದು ನಾವು ಆತನನ್ನು ಬಲ್ಲುದು ಅವುಗಳಿಂದ.