ಎರಡು ಸಿಂಹಾಸನಗಳನ್ನು ಕಾಯ್ದ ಚಾಂದ್ ಬೀಬಿ



ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಿಂದ ಉತ್ತರ ಕರ್ನಾಟಕಕ್ಕೆ ಶಾಲಾ ಪ್ರವಾಸ ಹೊರಟರೆ ವಿಜಯಪುರದ ಗೋಲ್ ಗುಂಬಜ್ ನೋಡದೆ ಬರುವವರಿಲ್ಲ. ಗುಮ್ಮಟದಡಿ ಕೂಗಿ, ಪ್ರತಿಧ್ವನಿ ಕೇಳಿ, ಫೋಟೋ ತೆಗೆಸಿಕೊಂಡು ಹಿಂದಿರುಗುತ್ತೇವೆ. ಅದೇ ಊರಿನ ಶಹಾಪುರ ದರ್ವಾಜೆಯ ಬಳಿ ಒಂದು ದೊಡ್ಡ ಬಾವಿ ಇದೆ. ಅದರ ಹೆಸರು ಚಾಂದ್ ಬಾವಡಿ. ಒಂದನೇ ಅಲಿ ಆದಿಲ್ ಶಾಹನು 1579ರಲ್ಲಿ ಅದನ್ನು ಕಟ್ಟಿಸಿ ತನ್ನ ಪತ್ನಿಯ ಹೆಸರಿಟ್ಟನು. ಆ ಪತ್ನಿಯೇ ಚಾಂದ್ ಬೀಬಿ. ಮುಂದೆ ಎರಡು ರಾಜ್ಯಗಳನ್ನು ಬೇರೆಯವರ ಮಕ್ಕಳಿಗಾಗಿ ಕಾಯ್ದ ಮಹಿಳೆ ಈಕೆ.

ಯೂರೋಪಿನಲ್ಲಿ ಅದು ಪುನರುಜ್ಜೀವನದ ಕಾಲ. ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ಆಳುತ್ತಿದ್ದಳು. ಫ್ರಾನ್ಸಿನಲ್ಲಿ ರಾಣಿ ಕ್ಯಾಥರೀನ್ ದ ಮೆಡಿಚಿ 1560ರಿಂದ ತನ್ನ ಬಾಲಕ ಮಗನ ಪರವಾಗಿ ರಾಜ್ಯಭಾರ ನಡೆಸಿದಳು. ಅವರ ಹೆಸರುಗಳನ್ನು ಪಠ್ಯಪುಸ್ತಕದಲ್ಲಿ ಓದುವ ನಾವು, ಅದೇ ಶತಮಾನದಲ್ಲಿ ನಮ್ಮ ನೆಲದಲ್ಲಿದ್ದ ಇವಳನ್ನೂ ತಿಳಿಯಬೇಡವೇ?

ತವರು ಮತ್ತು ಓದು

ಚಾಂದ್ ಬೀಬಿ ಸುಮಾರು 1550ರಲ್ಲಿ ಅಹಮದ್‌ನಗರದ ದೊರೆ ಹುಸೇನ್ ನಿಜಾಮ್ ಶಾಹ ಮತ್ತು ಖುಂಜಾ ಹುಮಾಯೂನ್ ದಂಪತಿಗಳ ಮಗಳಾಗಿ ಜನಿಸಿದಳು. ಅರಬ್ಬಿ, ಪಾರಸಿ, ತುರ್ಕಿ ಭಾಷೆಗಳ ಜೊತೆಗೆ ಮರಾಠಿ, ಕನ್ನಡಗಳನ್ನೂ ಬಲ್ಲವಳಾಗಿದ್ದಳೆಂದು ಚರಿತ್ರೆಕಾರರು ಬರೆದಿದ್ದಾರೆ. ವಿಜಯನಗರದ ವಿರುದ್ಧ ದಖ್ಖನಿನ ಸುಲ್ತಾನರು ಒಂದಾದಾಗ ಆ ಒಪ್ಪಂದ ಗಟ್ಟಿಯಾಗಲೆಂದು ಆಕೆಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟು ಮದುವೆ ಮಾಡಿದರು. ಸೋಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟರು. ಆ ಒಕ್ಕೂಟವೇ 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧವನ್ನು ಗೆದ್ದಿತು.

ಅದೇ ವರ್ಷ ತಂದೆ ತೀರಿಕೊಂಡನು. ತಮ್ಮಂದಿರ ಕಾಲ ಬರುವ ತನಕ ತವರಿನ ಆಡಳಿತವನ್ನು ತಾಯಿ ಖುಂಜಾ ಹುಮಾಯೂನಳೇ ಹಿಡಿದಳು. ಆದರೆ ಆಕೆ ಸ್ವಂತ ಅಣ್ಣತಮ್ಮಂದಿರಿಗೆ ಪದವಿ, ಜಹಗೀರುಗಳನ್ನು ಹಂಚಿದಳು. ಸರದಾರರು ತಿರುಗಿಬಿದ್ದರು. ಕೊನೆಗೆ ಹೆತ್ತ ಮಗನೇ ಆಕೆಯನ್ನು ಸೆರೆಯಲ್ಲಿಟ್ಟನು. ನಂಬಿ ಒಪ್ಪಿಸಿದ ಅಧಿಕಾರ ಕೈತಪ್ಪುವುದು ಹೇಗೆಂಬ ಪಾಠ ಮಗಳಿಗೆ ತವರುಮನೆಯಲ್ಲೇ ದೊರೆಯಿತು.

ಬಿಜಾಪುರದ ಹೊಣೆ

1580ರಲ್ಲಿ ಅಲಿ ಆದಿಲ್ ಶಾಹನ ಕೊಲೆಯಾಯಿತು. ಅವನಿಗೆ ಮಕ್ಕಳಿರಲಿಲ್ಲ. ಸೋದರನ ಮಗ, ಒಂಬತ್ತು ವರ್ಷದ ಇಬ್ರಾಹಿಂ ಪಟ್ಟಕ್ಕೆ ಬಂದನು. ಬಾಲಕನ ಪಾಲನೆ ಚಾಂದ್ ಬೀಬಿಯ ಪಾಲಿಗೆ ಬಂತು. ಆಗ ಆಕೆಗೆ ವಯಸ್ಸು ಸುಮಾರು ಮೂವತ್ತು.

ಓದುಗರೇ, ಆಕೆಯ ಕಷ್ಟ ಎಲ್ಲಿತ್ತೆಂಬುದನ್ನು ಗಮನಿಸಿ. ಹೊರಗಿನ ಶತ್ರುವಿಗಿಂತ ಆಸ್ಥಾನದ ಒಳಜಗಳವೇ ದೊಡ್ಡದಾಗಿತ್ತು. ಈ ನೆಲದ ದಖ್ಖನಿಗಳು, ಆಫ್ರಿಕಾ ಮೂಲದ ಹಬ್ಶಿಗಳು, ಇರಾನ್ ಮುಂತಾದ ದೇಶಗಳಿಂದ ಬಂದ ಆಫಾಕಿಗಳು ಎಂದು ಸರದಾರರು ಮೂರು ಪಾಲಾಗಿದ್ದರು. ಮಂತ್ರಿ ಕಾಮಿಲ್ ಖಾನ್ ಎಲ್ಲ ಅಧಿಕಾರವನ್ನೂ ತಾನೇ ಕಬಳಿಸಲು ಹೊರಟಾಗ ಚಾಂದ್ ಬೀಬಿ ಕಿಶ್ವರ್ ಖಾನನ ನೆರವಿನಿಂದ ಅವನನ್ನು ತೆಗೆದಳು. ಆದರೆ ಆಕೆ ನಂಬಿದ ಕಿಶ್ವರ್ ಖಾನನೂ ಅದೇ ದಾರಿ ಹಿಡಿದನು. ದೊರೆಯ ಮುದ್ರೆಯನ್ನು ದುರುಪಯೋಗ ಮಾಡಿ ಬಂಕಾಪುರದ ಅಧಿಕಾರಿ ಮುಸ್ತಫಾ ಖಾನನನ್ನು ಕೊಲ್ಲಿಸಿದನು. ರಾಣಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟನು. ಆಳನ್ನು ಆರಿಸುವುದರಲ್ಲಿ ಆಕೆ ತಪ್ಪಿದಳೆಂದು ಹೇಳಲೇಬೇಕು. ಹಬ್ಶಿ ಸರದಾರ ಇಖ್ಲಾಸ್ ಖಾನ್ ಸೈನ್ಯದೊಡನೆ ಬಂದಾಗ ಕಿಶ್ವರ್ ಖಾನ್ ಓಡಿಹೋದನು. ರಾಣಿ ಮರಳಿ ರಾಜಧಾನಿಗೆ ಬಂದಳು.

ಈ ಕಲಹ ಕಂಡು ಅಹಮದ್‌ನಗರ, ಗೋಲ್ಕೊಂಡದ ಸೈನ್ಯಗಳು ಬಿಜಾಪುರವನ್ನು ಮುತ್ತಿದವು. ಊರೊಳಗೆ ಎರಡು ಮೂರು ಸಾವಿರ ಸೈನಿಕರಷ್ಟೇ ಇದ್ದರು. ಮುತ್ತಿದ ಎರಡು ಸೈನ್ಯಗಳಲ್ಲಿ ಒಂದು ಆಕೆಯ ತವರಿನದೇ! ಆದರೂ ಆಕೆ ಗಂಡನ ಮನೆಯ ಮಗುವಿನ ಪಕ್ಷ ಬಿಡಲಿಲ್ಲ. ಎಲ್ಲ ಗುಂಪಿಗೂ ಒಪ್ಪಿಗೆಯಾಗಬಲ್ಲ ಅಬುಲ್ ಹಸನನನ್ನು ಮಂತ್ರಿಯಾಗಿಸಿ, ಚದುರಿದ್ದ ಸರದಾರರನ್ನು ಕರೆಸಿಕೊಂಡಳು. ಶತ್ರುಗಳು ಮುತ್ತಿಗೆ ಬಿಟ್ಟು ಹಿಂದಿರುಗಿದರು.

ಬಳಿಕ ದಿಲಾವರ್ ಖಾನ್ ಎಂಬ ಸರದಾರ ಪ್ರಬಲನಾದನು. ಚಾಂದ್ ಬೀಬಿ ಅಧಿಕಾರಕ್ಕಾಗಿ ಇನ್ನೊಂದು ರಕ್ತಪಾತಕ್ಕಿಳಿಯಲಿಲ್ಲ. 1584ರಲ್ಲಿ ಇಬ್ರಾಹಿಮನ ಸೋದರಿಯ ಮದುವೆಯ ದಿಬ್ಬಣದೊಂದಿಗೆ ತವರಿಗೆ ಹೊರಟುಹೋದಳು. ಆಕೆ ಸಾಕಿದ ಬಾಲಕನು ಮುಂದೆ 1627ರವರೆಗೆ ಆಳಿ, ದಖ್ಖನಿಯಲ್ಲಿ ‘ಕಿತಾಬ್-ಎ-ನವರಸ್’ ರಚಿಸಿ, ಪ್ರಜೆಗಳಿಂದ ‘ಜಗದ್ಗುರು’ ಎನಿಸಿಕೊಂಡ ಎರಡನೇ ಇಬ್ರಾಹಿಂ ಆದಿಲ್ ಶಾಹ.

ಅಹಮದ್‌ನಗರದ ಕೋಟೆ

1595ರಲ್ಲಿ ತವರಿನ ದೊರೆ ಬಿಜಾಪುರದೊಡನೆ ನಡೆದ ಯುದ್ಧದಲ್ಲಿ ಮಡಿದನು. ಅವನ ಮಗ ಬಹಾದೂರ್ ಇನ್ನೂ ಎಳೆಯ ಕೂಸು. ಮಂತ್ರಿ ಮಿಯಾನ್ ಮಂಜು ಬೇರೊಬ್ಬನಿಗೆ ಪಟ್ಟ ಕಟ್ಟಿದನು. ವಿರೋಧಿಗಳ ಕೈ ಮೇಲಾಗುತ್ತದೆಂಬ ಭಯದಿಂದ ಅಕ್ಬರನ ಮಗ ಮುರಾದನನ್ನು ತಾನೇ ಕರೆದು, ಆಮೇಲೆ ಪಶ್ಚಾತ್ತಾಪಪಟ್ಟು ಕೋಟೆ ಬಿಟ್ಟು ಹೋದನು. ಚಾಂದ್ ಬೀಬಿ ಕೂಸನ್ನೇ ದೊರೆಯೆಂದು ಸಾರಿ ಕೋಟೆಯ ರಕ್ಷಣೆಗೆ ನಿಂತಳು.

ಡಿಸೆಂಬರಿನಲ್ಲಿ ಮೊಗಲರ ಮುತ್ತಿಗೆ ಮೊದಲಾಯಿತು. ಅವರು ಗೋಡೆಯಡಿ ಸುರಂಗ ತೋಡಿ ಮದ್ದು ತುಂಬಿದರು. ಸುಳಿವು ಸಿಕ್ಕ ಕೂಡಲೇ ಒಳಗಿನವರು ಎದುರು ಸುರಂಗ ತೋಡಿ ಕೆಲವನ್ನು ಕೆಡಿಸಿದರು. 1596ರ ಫೆಬ್ರವರಿಯಲ್ಲಿ ಒಂದು ಸಿಡಿದೇಬಿಟ್ಟಿತು. ಗೋಡೆ ಬಾಯ್ದೆರೆಯಿತು. ಸರದಾರರು ಓಡಲು ಸಿದ್ಧರಾದರು. ಮುಖಕ್ಕೆ ಮುಸುಕು, ಮೈಗೆ ಕವಚ, ಕೈಯಲ್ಲಿ ಬಿಚ್ಚುಗತ್ತಿ ಹಿಡಿದು ರಾಣಿಯೇ ಬಿರುಕಿನ ಬಾಯಿಗೆ ಬಂದು ನಿಂತಳು. ಓಡಲಿದ್ದವರು ನಾಚಿ ಹಿಂದಿರುಗಿದರು. ಕತ್ತಲಾಗುವವರೆಗೆ ಕಾದಾಡಿ, ರಾತ್ರೋರಾತ್ರಿ ಗೋಡೆ ಎಬ್ಬಿಸಿದರು. ಗುಂಡು ಮುಗಿದಾಗ ಆಕೆ ಚಿನ್ನ ಬೆಳ್ಳಿಯ ನಾಣ್ಯಗಳನ್ನೇ ತೋಪಿಗೆ ತುಂಬಿಸಿದಳೆಂದು ಜನ ಇಂದಿಗೂ ಹೇಳುತ್ತಾರೆ. ಅದು ಕಥೆಯಿರಬಹುದು. ಗೋಡೆ ಕಟ್ಟಿದ್ದು ಮಾತ್ರ ಚರಿತ್ರೆ.

ನೆರವಿಗೆ 25,000 ಕುದುರೆ ಸವಾರರನ್ನು ಗಡಿಗೆ ಕಳಿಸಿದವನು ಯಾರು ಗೊತ್ತೇ? ಬಿಜಾಪುರದಲ್ಲಿ ಆಕೆ ಸಾಕಿ ಬೆಳೆಸಿದ ಅದೇ ಇಬ್ರಾಹಿಂ. ಆ ಸೈನ್ಯ ಬರುವ ಸುದ್ದಿ ತಿಳಿದ ಮೊಗಲರು ಸಂಧಿಗೆ ಒಪ್ಪಿದರು. ಬೇರಾರ್ ಪ್ರಾಂತ್ಯ ಅವರಿಗೆ ಹೋಯಿತು. ರಾಜಧಾನಿಯೂ ಮಗುವಿನ ಪಟ್ಟವೂ ಉಳಿದವು. ಅಂದಿನಿಂದ ಜನ ಆಕೆಯನ್ನು ಚಾಂದ್ ಸುಲ್ತಾನಾ ಎಂದು ಕರೆದರು.

ಕೊನೆಯ ದಿನ

ಒಳಜಗಳ ಮಾತ್ರ ನಿಲ್ಲಲಿಲ್ಲ. 1600ರಲ್ಲಿ ಅಕ್ಬರನ ಇನ್ನೊಬ್ಬ ಮಗ ದಾನಿಯಾಲ್ ಮತ್ತೆ ಕೋಟೆಯನ್ನು ಮುತ್ತಿದನು. ಈ ಬಾರಿ ಗೆಲುವಿಲ್ಲವೆಂದು ರಾಣಿಗೆ ತಿಳಿದಿತ್ತು. ಕೋಟೆಯನ್ನು ಗೌರವದ ಷರತ್ತಿನ ಮೇಲೆ ಒಪ್ಪಿಸಿ, ಬಾಲಕನನ್ನು ಜುನ್ನರಿಗೆ ಕರೆದೊಯ್ಯುವುದು ಲೇಸೆಂದು ಸಲಹೆ ಕೇಳಿದಳು. ಕೇಳಿದ ಅಧಿಕಾರಿ ಬೀದಿಗೆ ಓಡಿ, ರಾಣಿ ಶತ್ರುವಿನೊಡನೆ ಸೇರಿದ್ದಾಳೆಂದು ಕೂಗಿದನು. ಒಂದು ಕ್ಷಣವೂ ವಿಚಾರಿಸದ ಗುಂಪು ಅಂತಃಪುರಕ್ಕೆ ನುಗ್ಗಿ ಆಕೆಯನ್ನು ಕೊಂದಿತು. ಆಗಸ್ಟಿನಲ್ಲಿ ಕೋಟೆ ಬಿದ್ದಿತು. ಮೊಗಲರು ಬಾಲಕನನ್ನು ಗ್ವಾಲಿಯರ್ ಕೋಟೆಗೆ ಸೆರೆ ಒಯ್ದರು. ಆಕೆ ತಪ್ಪಿಸಬೇಕೆಂದಿದ್ದುದೇ ನಡೆಯಿತು. ಅಂದಿನ ಬಿಜಾಪುರದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಇದನ್ನೆಲ್ಲ ಬರೆದಿಟ್ಟಿದ್ದಾನೆ.

ಆಕೆಯ ಕತ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕತ್ತಿ ಹಿಡಿದದ್ದು ಕೆಲವೇ ದಿನ. ವರ್ಷಗಟ್ಟಲೆ ಹೊತ್ತದ್ದು ಅಮಾನತ್. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ನಮ್ಮ ಮನೆಗಳಲ್ಲಿ ಆ ಮಾತಿಗೆ ನಂಬಿ ಇಟ್ಟ ಒಡವೆ ಎಂದರ್ಥ. ಕೇಳಿದಾಗ ಕುಂದಿಲ್ಲದೆ ಮರಳಿಸಬೇಕಾದದ್ದು. ಸಂಘದ ಹಣವಿರಲಿ, ಅನಾಥ ಮಗುವಿನ ಆಸ್ತಿಯಿರಲಿ, ಊರಿನವರು ಕೊಟ್ಟ ಪದವಿಯಿರಲಿ, ನಮ್ಮ ಕೈಗೆ ಬರುವುದೆಲ್ಲ ಇಂಥದ್ದೇ. ಸುಳ್ಳು ಸುದ್ದಿ ಕೇಳಿ ಎದ್ದ ಗುಂಪು ತನ್ನನ್ನು ಕಾಯುವ ಕೈಯನ್ನೇ ಕತ್ತರಿಸಿತೆಂಬುದನ್ನೂ ನಾವು ಮರೆಯಬಾರದು.

ಅಹಮದ್‌ನಗರ ಈಗ ಅಹಿಲ್ಯಾನಗರವಾಗಿದೆ. ಅಲ್ಲಿಯ ಗುಡ್ಡದ ಮೇಲೆ ಜನರು ಚಾಂದ್ ಬೀಬಿ ಮಹಲ್ ಎನ್ನುವ ಕಟ್ಟಡ ವಾಸ್ತವವಾಗಿ ಮಂತ್ರಿ ಸಲಾಬತ್ ಖಾನನ ಗೋರಿ. ಆಕೆಯದೆಂದು ಖಚಿತವಾಗಿ ಹೇಳಬಹುದಾದದ್ದು ನಮ್ಮ ವಿಜಯಪುರದ ಆ ಬಾವಿ. ಮುಂದಿನ ಪ್ರವಾಸದಲ್ಲಿ ಗೋಲ್ ಗುಂಬಜ್ ನೋಡಿದ ಮೇಲೆ ನಿಮ್ಮ ಮೇಷ್ಟ್ರನ್ನು ಒತ್ತಾಯಿಸಿ ಅಲ್ಲಿಗೂ ಹೋಗಿ ಬನ್ನಿ.